ಅತ್ತೆ ಬರೆದ ಮೀಟರು

ನನ್ನ ಬಗ್ಗೆ ಯಾರು ಏನೇ ಹೇಳಲಿ, ಬೈಕಿನ ಸ್ಪೀಡೋಮೀಟರನ್ನು ಊಟದ ಮೇಜಿನ ಮೇಲೆ ಬಿಚ್ಚಿ ಹರಡಿ, ಮತ್ತೆ ಜೋಡಿಸಿ, ಓಡುವಂತೆ ಮಾಡಿದ ಹೆಂಗಸು ತ್ಯಾಗರಾಜನಗರದ ನಮ್ಮ ಬೀದಿಯಲ್ಲಿ ಇನ್ನೊಬ್ಬಳಿರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ. ಬೆನ್ನು ತಟ್ಟಿಕೊಳ್ಳುವಂಥ ಕೆಲಸಗಳು ಬದುಕಿನಲ್ಲಿ ಬರುವುದೇ ಅಪರೂಪ. ಅವನ್ನೂ ಬಾಯಿಬಿಟ್ಟು ಹೇಳದಿದ್ದರೆ ಹೇಗೆ?

ತೊಂಬತ್ತರ ದಶಕದ ಕೊನೆಯ ಮಾತಿದು. ಮನೆಯಲ್ಲಿ ನಾವು ಮೂವರು: ನಾನು, ನನ್ನ ಗಂಡ, ನನ್ನ ಅತ್ತೆ. ಗಂಡನಿಗೆ ಕಚೇರಿಯಲ್ಲಿ ಗುಮಾಸ್ತೆ ಕೆಲಸ. ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದೆ. ಉಳಿದದ್ದೆಲ್ಲ ಅತ್ತೆಯದು. ದೇವರ ಮನೆ, ಅಡುಗೆ ಮನೆ, ಹಿತ್ತಲು, ಹಾಲಿನವನು, ಹೂವಿನವಳು, ಪಂಚಾಂಗ ಎಲ್ಲವೂ ಅವರ ಮಾತಿನಂತೆ ನಡೆಯಬೇಕು. ನಾವಿಬ್ಬರೂ ಅನ್ಯೋನ್ಯವಾಗಿದ್ದೆವು ಎಂದರೆ ಹಸಿ ಸುಳ್ಳಾಗುತ್ತದೆ. ಬೆಳಗ್ಗೆ ಡಿಕಾಕ್ಷನ್ ತೆಳುವಾಯಿತು ಎಂದು ಶುರುವಾಗುತ್ತಿದ್ದ ಮಾತು ನನ್ನ ತೌರಿನವರ ಡಿಕಾಕ್ಷನ್ನಿನವರೆಗೂ ಹೋಗಿ, ಮಧ್ಯಾಹ್ನದ ಊಟಕ್ಕೆ ಸ್ವಲ್ಪ ವಿರಾಮ ಪಡೆದು, ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತಿತ್ತು. ನಾನೂ ಬಿಡುತ್ತಿರಲಿಲ್ಲ. ಒಂದಕ್ಕೆ ಎರಡು ಹೇಳುವುದು ನನಗೆ ಹುಟ್ಟಿನಿಂದ ಬಂದದ್ದು.

ಆ ವರ್ಷದ ಆಯುಧಪೂಜೆಗೆ ಪದ್ಮನಾಭನಗರದಿಂದ ನನ್ನ ನಾದಿನಿ, ಅಂದರೆ ಗಂಡನ ಅಕ್ಕ, ಸಂಸಾರ ಸಮೇತ ಬಂದಿದ್ದರು. ಬೆಳಗ್ಗೆಯೇ ಬೈಕು ತೊಳೆದು ಗೇಟಿನ ಒಳಗೆ ನಿಲ್ಲಿಸಿದ್ದಾಗಿತ್ತು. ಹ್ಯಾಂಡಲ್ಲಿಗೆ ಎರಡು ಪುಟ್ಟ ಬಾಳೆಕಂದು, ಸೇವಂತಿಗೆಯ ದಪ್ಪ ಹಾರ, ಟ್ಯಾಂಕಿನ ಮೇಲೆ ವಿಭೂತಿಯ ಗೆರೆ, ಚಕ್ರದ ಕೆಳಗೆ ನಿಂಬೆಹಣ್ಣು. ನನ್ನ ಮೆಷಿನ್ನಿಗೂ ಕತ್ತರಿಗೂ ಪೂಜೆ ಮುಗಿದಿತ್ತು. ಅತ್ತೆ ಬೈಕಿಗೆ ಆರತಿ ಎತ್ತಿದರು. ಆಮೇಲೆ ಪ್ರತಿ ವರ್ಷದ ಹಾಗೆ ಒಂದು ವೀಳ್ಯದೆಲೆಯ ಮೇಲೆ ಕರ್ಪೂರ ಹಚ್ಚಿ, ಅದನ್ನು ಸ್ಪೀಡೋಮೀಟರಿನ ಗಾಜಿನ ಮೇಲಿಟ್ಟರು. ಬೇರೆಯವರು ಕರ್ಪೂರವನ್ನು ಚಕ್ರದ ಮುಂದೆ ನೆಲದ ಮೇಲಿಡುತ್ತಾರೆ. ಅತ್ತೆಯ ಲೆಕ್ಕದಲ್ಲಿ ಗಾಡಿಯ ಮುಖವೆಂದರೆ ಮೀಟರು. ಮುಖ ಬಿಟ್ಟು ಕಾಲಿಗೆ ಬೆಳಗುವುದುಂಟೇ? ಗಾಜು ಅಂದೆನಲ್ಲ, ಅದು ಗಾಜಲ್ಲ, ಪ್ಲಾಸ್ಟಿಕ್. ಹಿಂದಿನ ವರ್ಷಗಳಲ್ಲಿ ಎಲೆ ದಪ್ಪಗಿರುತ್ತಿತ್ತು, ಕರ್ಪೂರ ಚಿಕ್ಕದಿರುತ್ತಿತ್ತು, ದೇವರು ದೊಡ್ಡವನಾಗಿದ್ದ.

ಆ ವರ್ಷ ಕರ್ಪೂರದ ಬಿಲ್ಲೆಯೇ ದೊಡ್ಡದು. ಎಲ್ಲರ ಕಣ್ಣೂ ನನ್ನ ಗಂಡ ಒಡೆಯಲು ಎತ್ತಿದ್ದ ಬೂದುಗುಂಬಳಕಾಯಿಯ ಮೇಲೆ. ಗಾಳಿ ಬೀಸಿತು, ಎಲೆ ಸುರುಟಿ ವಾಲಿತು, ಉರಿಯುವ ಕರ್ಪೂರ ಪ್ಲಾಸ್ಟಿಕ್ಕಿನ ಮೇಲೆ ಜಾರಿತು. ಮೊದಲು ವಾಸನೆ ಬಂತು. ನನ್ನ ಗಂಡ ಕುಂಬಳಕಾಯಿಯನ್ನು ಕಂಕುಳಲ್ಲಿ ಅವುಚಿಕೊಂಡೇ ಓಡಿ ಬಂದು ಉಫ್ ಎಂದು ಊದಿದರು. ಉರಿ ಇನ್ನಷ್ಟು ಚೆನ್ನಾಗಿ ಹತ್ತಿಕೊಂಡಿತು. ಕೊನೆಗೆ ನಾನು ಒದ್ದೆ ಒರಸುಬಟ್ಟೆ ಮುಚ್ಚಿ ಆರಿಸಿದೆ. ಬಟ್ಟೆ ತೆಗೆದು ನೋಡಿದರೆ ಗಾಜಿನಲ್ಲಿ ತೂತು ಬಿದ್ದಿತ್ತು, ಒಳಗಿನ ಅಂಕಿಗಳೆಲ್ಲ ಮಸಿ ಹಿಡಿದಿದ್ದವು, ವೇಗ ತೋರಿಸುವ ಮುಳ್ಳು ಬಾಡಿದ ಹುರುಳಿಕಾಯಿಯ ಹಾಗೆ ಜೋತುಬಿದ್ದು ಕೆಳಕ್ಕೆ ಅಂಟಿಕೊಂಡಿತ್ತು.

ನಾದಿನಿ ತಲೆಯ ಮೇಲೆ ಕೈಯಿಟ್ಟುಕೊಂಡರು. "ಅಮ್ಮಾ, ನಿನಗೆ ವಯಸ್ಸಾಯ್ತು ಕಣಮ್ಮ. ಕೈ ನಡುಗುತ್ತೆ, ಕಣ್ಣೂ ಮಂಜು. ಪೂಜೆ ದಿನಾನೇ ಗಾಡಿಗೆ ಬೆಂಕಿ ಬಿತ್ತು ಅಂದ್ರೆ ಏನ್ ಹೇಳೋಣ! ದೀಪಾವಳಿಯಿಂದ ಆರತಿ ಗೀರತಿ ಎಲ್ಲಾ ಇವಳೇ ಮಾಡ್ಲಿ ಬಿಡು."

ಅತ್ತೆಯ ಕೈ ನಡುಗುತ್ತಿರಲಿಲ್ಲ. ದಿನಾ ಮಧ್ಯಾಹ್ನ ಹತ್ತಿಯನ್ನು ಹಿಂಜಿ, ದೇವರಿಗೆ ಏರಿಸಲು ಗೆಜ್ಜೆವಸ್ತ್ರ ಮಾಡುತ್ತಿದ್ದ ಕೈ ಅದು. ಹತ್ತಿಯ ಎಳೆಯನ್ನು ಸರದ ಹಾಗೆ ಹೊಸೆದು, ಕಡ್ಡಿಯ ತುದಿಯಿಂದ ಒಂದೊಂದು ಗಂಟಿಗೂ ಸಾಸಿವೆಯಷ್ಟೇ ಕುಂಕುಮ ಮುಟ್ಟಿಸುತ್ತಿದ್ದರು. ಒಂದು ಚುಕ್ಕೆಯೂ ಹರಡಿದ್ದನ್ನು ನಾನು ನೋಡಿಲ್ಲ. ತಪ್ಪು ಗಾಳಿಯದು, ಪ್ಲಾಸ್ಟಿಕ್ಕಿನದು. ಆದರೆ ನಾದಿನಿ ಆಡಿದ ಮಾತಿಗೆ ಅತ್ತೆ ತಿರುಗಿ ಒಂದು ಮಾತೂ ಹೇಳಲಿಲ್ಲ. ಮಾರನೆಯ ಬೆಳಗ್ಗೆ ಆರತಿ ತಟ್ಟೆಯನ್ನು ತಂದು ನನ್ನ ಮೆಷಿನ್ನಿನ ಪಕ್ಕದಲ್ಲಿಟ್ಟು, "ಇನ್ಮೇಲೆ ನೀನೇ ಮಾಡು" ಎಂದು ಹೊರಟುಹೋದರು.

ಅಂದಿನಿಂದ ಮನೆಯಲ್ಲಿ ಸದ್ದಡಗಿತು. ನಾನು ಬೇಕೆಂದೇ ಡಿಕಾಕ್ಷನ್ನನ್ನು ಬಣ್ಣದ ನೀರಿನ ಹಾಗೆ ಮಾಡಿದೆ. ಅತ್ತೆ ಕುಡಿದು ಲೋಟ ತೊಳೆದಿಟ್ಟರು. ಹಾಲಿನವನಿಗೆ ಬೈಯಲಿಲ್ಲ, ಹೂವಿನವಳ ಮೊಳ ಅಳೆಯಲಿಲ್ಲ. ಸಂಜೆಯಾದರೆ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದರು; ಮಗ ಬೈಕಿನಲ್ಲಿ ಬಂದು ಇಳಿಯುವ ತನಕ ಒಳಗೆ ಬರುತ್ತಿರಲಿಲ್ಲ. ಸುಟ್ಟ ಮೀಟರಿನ ಕಡೆ ಕಣ್ಣು ಹೋಗದಿರಲೆಂದು ಸೆರಗನ್ನು ಅಡ್ಡ ಹಿಡಿದು ಬೈಕಿನ ಪಕ್ಕದಲ್ಲಿ ಹಾದುಹೋಗುವುದನ್ನು ನಾನೇ ಕಂಡೆ. ಮದುವೆಯಾದಾಗಿನಿಂದ ಇವರ ಬಾಯಿ ಒಂದು ದಿನ ಮುಚ್ಚಿದ್ದರೆ ಸಾಕಪ್ಪ ಎಂದು ಹರಕೆ ಹೊತ್ತವಳು ನಾನು. ಈಗ ಮುಚ್ಚಿದ್ದನ್ನು ನೋಡಲಾಗಲಿಲ್ಲ. ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಜಗಳವಾಡಲು ಎದುರಿಗೆ ಜನವೇ ಇಲ್ಲದಿದ್ದರೆ ನನ್ನಂಥವಳು ಏನು ಮಾಡಬೇಕು?

ದೇವರಿಗೆ ದೀಪ ಹಚ್ಚಿದೆ, ಆರತಿ ತಟ್ಟೆಯನ್ನು ಮಾತ್ರ ಮುಟ್ಟಲಿಲ್ಲ. ದೀಪಾವಳಿಗೆ ನಾದಿನಿ ಮತ್ತೆ ಬರುವವರಿದ್ದರು. ಅಷ್ಟರೊಳಗೆ ಆ ಮೀಟರು ಮೊದಲಿನಂತಾಗಬೇಕು, ಅತ್ತೆಯ ತಟ್ಟೆ ಅತ್ತೆಯ ಕೈಗೆ ಹೋಗಬೇಕು ಎಂದು ಹಟ ತೊಟ್ಟೆ.

ಮೊದಲು ಗಂಡನನ್ನು ಜೆ.ಸಿ. ರಸ್ತೆಯ ಅಂಗಡಿಗಳಿಗೆ ಓಡಿಸಿದೆ. ಆ ಮಾಡೆಲ್ ನಿಂತು ಎಷ್ಟೋ ಕಾಲವಾಗಿದೆ, ಅದರ ಮೀಟರು ಎಲ್ಲೂ ಸಿಗುವುದಿಲ್ಲ ಎಂಬ ಉತ್ತರದೊಂದಿಗೆ ಹಿಂತಿರುಗಿದರು. ನಾನೇ ಶ್ರೀನಗರದ ಮೆಕ್ಯಾನಿಕ್ ಹತ್ತಿರ ಹೋದೆ. ಅವನು ಮೀಟರನ್ನು ನೋಡಿ ನಕ್ಕುಬಿಟ್ಟ. "ಮೀಟ್ರು ಇಲ್ದೇನೇ ಅರ್ಧ ಬೆಂಗ್ಳೂರು ಓಡಾಡ್ತಿದೆ ಅಕ್ಕ. ಕೇಬಲ್ ಕಿತ್ತಾಕಿ, ಆರಾಮಾಗಿರಿ."

ಗಂಡನೂ ಅದನ್ನೇ ಹಿಡಿದುಕೊಂಡರು. "ಹೌದು ಕಣೇ, ಎಷ್ಟು ಸ್ಪೀಡಲ್ಲಿ ಹೋಗ್ತಿದೀನಿ ಅಂತ ನನಗೆ ಗೊತ್ತಾಗುತ್ತಲ್ಲ. ಮೀಟರ್ ಯಾಕೆ?"

"ಮೀಟರ್ ನಿಮಗಲ್ಲ ರೀ, ನಿಮ್ಮಮ್ಮನಿಗೆ" ಎಂದೆ. ಅವರು ನನ್ನ ಮುಖ ನೋಡಿದರು. ಅತ್ತೆಯ ಪರವಾಗಿ ನಾನು ಮಾತಾಡಿದ್ದು ಅವರು ಕೇಳಿದ್ದು ಅದೇ ಮೊದಲು. ಎದ್ದು ಹೋಗಿ ಸ್ಪ್ಯಾನರ್ ತಂದುಕೊಟ್ಟರು.

ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಹಳೇ ಪಂಚೆ ಹಾಸಿ ಕೆಲಸಕ್ಕೆ ಕುಳಿತೆ. ನನ್ನ ಮೆಷಿನ್ ಕೆಟ್ಟರೆ ನಾನೇ ಬಿಚ್ಚುತ್ತಿದ್ದೆನಾದ್ದರಿಂದ ಸಣ್ಣ ಸ್ಕ್ರೂಡ್ರೈವರು, ಇಕ್ಕಳ, ಎಣ್ಣೆ ಡಬ್ಬಿ ಎಲ್ಲ ಕೈಯಳತೆಯಲ್ಲೇ ಇದ್ದವು. ಮೀಟರಿನ ಸುತ್ತ ಒಂದು ಲೋಹದ ಬಳೆ. ಅದರ ಅಂಚನ್ನು ಹಿಂದಕ್ಕೆ ಮಡಚಿ ಕೂರಿಸಿರುತ್ತಾರೆ, ಸ್ಕ್ರೂ ಇರುವುದಿಲ್ಲ. ರವಿಕೆಯ ಹೊಲಿಗೆ ಬಿಚ್ಚುವ ಹಾಗೆ ಅಂಚನ್ನು ಒಂದೊಂದು ಗುಲಗಂಜಿಯಷ್ಟೇ ಎಬ್ಬಿಸುತ್ತ ಸುತ್ತು ಹಾಕಿದೆ. ಅವಸರ ಮಾಡಿದರೆ ಬಳೆ ಹರಿಯುತ್ತದೆ. ಬಳೆ ಬಂತು, ಅದರ ಜೊತೆ ಕರಗಿದ ಗಾಜೂ ಬಂತು. ಮುಳ್ಳನ್ನು ಕೀಳಲು ಎರಡು ಟೀ ಸ್ಪೂನುಗಳನ್ನು ಅದರ ಬುಡದ ಎರಡೂ ಕಡೆ ತೂರಿಸಿ ಒಟ್ಟಿಗೆ ಮೀಟಿದೆ. ಟಕ್ಕೆಂದು ಹಾರಿ ಸೀದಾ ಉಪ್ಪಿನಕಾಯಿ ಜಾಡಿಯ ಹಿಂದೆ ಹೋಗಿ ಬಿತ್ತು. ಬುಡದ ಕಪ್ಪು ಗುಂಡಿ ಗಟ್ಟಿಯಾಗಿತ್ತು, ಮುಳ್ಳು ಮಾತ್ರ ಕೆಲಸಕ್ಕೆ ಬಾರದ್ದು.

ಕೀಳುವ ಮುಂಚೆ ಮುಳ್ಳು ಎಲ್ಲಿತ್ತು ಎಂದು ಗುರುತು ಹಾಕಿಕೊಳ್ಳಬೇಕಿತ್ತು. ಹಾಕಿಕೊಳ್ಳಲಿಲ್ಲ. ಬೇರೆಯವರ ರವಿಕೆಯ ಹೊಲಿಗೆ ಬಿಚ್ಚುವಾಗ ಸೀಮೆಸುಣ್ಣದಲ್ಲಿ ಗುರುತು ಹಾಕದೆ ದಾರ ಕತ್ತರಿಸದವಳು, ಇಲ್ಲಿ ಹಾಗೇ ಕಿತ್ತುಬಿಟ್ಟಿದ್ದೆ. ಅದರ ಫಲವನ್ನು ಮುಂದೆ ಕನಕಪುರ ರಸ್ತೆಯಲ್ಲಿ ಉಣ್ಣಬೇಕಾಯಿತು.

ಅಂಕಿಯ ತಟ್ಟೆಯನ್ನು ಬಿಡಿಸಿದಾಗ ಒಳಗಿನ ಸಂಸಾರ ಕಾಣಿಸಿತು. ಮುಂದಿನ ಚಕ್ರದಿಂದ ಬರುವ ಕೇಬಲ್ಲು ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದಕ್ಕೆ ಮುಟ್ಟಿಯೂ ಮುಟ್ಟದ ಹಾಗೆ ಒಂದು ಪುಟ್ಟ ಬಟ್ಟಲಿದೆ. ಮುಳ್ಳು ಕೂರುವುದು ಆ ಬಟ್ಟಲಿನ ಕಡ್ಡಿಯ ಮೇಲೆ. ಅಯಸ್ಕಾಂತ ತಿರುಗಿದಾಗ ಬಟ್ಟಲನ್ನೂ ತನ್ನ ಕಡೆ ಎಳೆಯುತ್ತದೆ. ಕೂದಲೆಳೆಯಂಥ ಸುರುಳಿ ಸ್ಪ್ರಿಂಗೊಂದು ಅದನ್ನು ಹಿಂದಕ್ಕೆ ಎಳೆಯುತ್ತದೆ. ಈ ಎಳೆದಾಟ ಎಲ್ಲಿ ನಿಲ್ಲುತ್ತದೋ ಅದೇ ವೇಗ. ಬಟ್ಟಲಿನ ಜಾಗದಲ್ಲಿ ನನ್ನ ಗಂಡನನ್ನು ಕೂರಿಸಿದರೆ ನಮ್ಮ ಮನೆಯೇ ಸರಿ. ಇದನ್ನು ಅವರಿಗೆ ತೋರಿಸಿ ಹೇಳಿದೆ, ಅವರು ನಗಲಿಲ್ಲ. ಅದೃಷ್ಟಕ್ಕೆ ಬೆಂಕಿ ಇಲ್ಲಿಯವರೆಗೆ ಇಳಿದಿರಲಿಲ್ಲ. ಹತ್ತಿಯಲ್ಲಿ ಒರೆಸಿ, ಮೆಷಿನ್ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ಮುಟ್ಟಿಸಿದೆ.

ಆಮೇಲೆ ಎಡವಟ್ಟು ಮಾಡಿದೆ. ಅಂಕಿಯ ತಟ್ಟೆಯ ಮಸಿ ತೆಗೆಯಲು ಸೀಮೆಎಣ್ಣೆಯಲ್ಲಿ ಉಜ್ಜಿದರೆ ಮಸಿಯ ಜೊತೆಗೆ ಅಂಕಿಗಳೂ ಎದ್ದು ಬಂದವು. ಬೋಳು ತಟ್ಟೆಯೊಂದು ಕೈಯಲ್ಲಿ ಉಳಿಯಿತು. ಸಿಟ್ಟಿನಲ್ಲಿ ಹತ್ತಿಯನ್ನು ಎಸೆದೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅಂಕಿಯದನ್ನು ಆಮೇಲೆ ನೋಡೋಣ, ಮೊದಲು ಹೊಸ ಮುಳ್ಳು ಮಾಡೋಣ ಎಂದುಕೊಂಡೆ. ತಗಡು ಭಾರ, ಬಟ್ಟಲು ಎತ್ತುವುದಿಲ್ಲ. ರಟ್ಟು ಬಾಗುತ್ತದೆ. ಹಗುರಾಗಿಯೂ ಇರಬೇಕು, ನೆಟ್ಟಗೂ ಇರಬೇಕು. ಸುತ್ತ ನೋಡಿದೆ, ಮೂಲೆಯಲ್ಲಿ ಕಡ್ಡಿಪೊರಕೆ ಕಂಡಿತು. ಒಂದು ಕಡ್ಡಿಯನ್ನು ಎಳೆದುಕೊಂಡು ಬ್ಲೇಡಿನಲ್ಲಿ ಹೆರೆಯತೊಡಗಿದೆ. ಅಷ್ಟರಲ್ಲಿ ಅತ್ತೆ ಕಾಫಿ ತಂದಿಟ್ಟವರು ಅಲ್ಲೇ ನಿಂತರು.

"ಅದೇನೇ ಅದು ಕೈಯಲ್ಲಿ?"

"ಕಡ್ಡಿ."

"ಯಾವ ಕಡ್ಡಿ?"

"ಪೊರಕೆ ಕಡ್ಡಿ."

"ಅಯ್ಯಯ್ಯೋ, ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಬಚ್ಚಲು ಗುಡಿಸೋ ಪೊರಕೆ ಕಡ್ಡೀನ ತಂದು ಗಾಡಿ ಮುಖಕ್ಕೆ ಇಡ್ತೀಯಾ? ಮೈಮೇಲೆ ಜ್ಞಾನ ಇದೆಯಾ ನಿನಗೆ? ನಿಮ್ಮನೇಲಿ ಇದನ್ನೇ ಕಲಿಸಿದ್ದಾ?"

ಬೆಂಕಿ ಎಂಬ ಮಾತು ಬಾಯಿಂದ ಬಿದ್ದ ಮೇಲೆ ಇಬ್ಬರೂ ಒಂದು ಕ್ಷಣ ಮೀಟರಿನ ಕಡೆ ನೋಡಿದೆವು. ನನಗೆ ಹೋದ ಜೀವ ಬಂದ ಹಾಗಾಗಿತ್ತು. ತೌರುಮನೆಯನ್ನು ಎಳೆದು ತಂದರು ಎಂದರೆ ಮನುಷ್ಯರು ನೆಟ್ಟಗಾದರು ಎಂದೇ ಅರ್ಥ. ಈಗ ಬಿಟ್ಟರೆ ಕೆಟ್ಟೆ ಎಂದುಕೊಂಡು, "ಮತ್ತೆ ಯಾವ ಕಡ್ಡಿ ಇಡಲಿ, ನೀವೇ ಹೇಳಿ. ಕೂತ್ಕೊಂಡು ಹೇಳೋಕೆ ಸುಲಭ" ಎಂದು ಕೆಣಕಿದೆ.

"ನಾನೆಲ್ಲೇ ಕೂತಿದೀನಿ?" ಎಂದವರೇ ಸರಸರನೆ ಹಿತ್ತಲಿಗೆ ಹೋದರು. ತೆಂಗಿನ ಮರದಿಂದ ಬಿದ್ದು ಒಣಗಿದ್ದ ಗರಿಯೊಂದರಿಂದ ನಡುವಿನ ಕಡ್ಡಿ ಸೀಳಿಕೊಂಡು, ಅದನ್ನು ನಲ್ಲಿಯಲ್ಲಿ ತೊಳೆದು ಸೆರಗಿನಲ್ಲಿ ಒರೆಸಿಕೊಂಡು ಬಂದರು. ಎಲ್ಲಿಂದ ನೋಡಿದರೂ ಅದು ನನ್ನ ಕೈಯಲ್ಲಿದ್ದ ಕಡ್ಡಿಯಂಥದ್ದೇ ಕಡ್ಡಿ. ಆದರೆ ಇದು ಏನನ್ನೂ ಗುಡಿಸಿರಲಿಲ್ಲ. ಬ್ಲೇಡನ್ನು ನನ್ನ ಕೈಯಿಂದ ಕಿತ್ತುಕೊಂಡು ತಾವೇ ಹೆರೆದರು. ನಾನು ಹೆರೆದದ್ದು ಮೊಳೆಯಂತಿತ್ತು, ಅವರದು ಬುಡದಲ್ಲಿ ಅಕ್ಕಿಕಾಳಿನ ಅಗಲವಿದ್ದು ತುದಿಗೆ ಬರುವಾಗ ದಾರದಷ್ಟಾಗಿತ್ತು. ಅದಕ್ಕೆ ನನ್ನ ಕೆಂಪು ಉಗುರುಬಣ್ಣ ಬಳಿದು, ಒಣಗಿದ ಮೇಲೆ ಹಳೆಯ ಗುಂಡಿಗೆ ಅಂಟಿಸಿದೆವು.

ಗಾಜಿಗೂ ಅವರೇ ದಾರಿ ತೋರಿಸಿದರು. ಅಡುಗೆಮನೆಯಲ್ಲಿ ಒಳಗಿನ ಸಾಮಾನು ಕಾಣುವಂಥ ಮುಚ್ಚಳದ ಸ್ಟೀಲ್ ಡಬ್ಬಿಗಳಿದ್ದವು. ಸಾಸಿವೆ ಡಬ್ಬಿಯ ಮುಚ್ಚಳವನ್ನು ತಂದು ಮೀಟರಿನ ಬಾಯಿಗೆ ಹಿಡಿದು ನೋಡಿ, "ಸ್ವಲ್ಪ ಅಂಚು ಉಜ್ಜಿದ್ರೆ ಕೂರುತ್ತೆ" ಎಂದರು. ಆ ಡಬ್ಬಿಗಳ ಸೆಟ್ಟನ್ನು ಮುಟ್ಟಲು ನನಗೆ ಅಲ್ಲಿಯವರೆಗೆ ಅಪ್ಪಣೆಯೇ ಇರಲಿಲ್ಲ. ಮುಚ್ಚಳದ ನಡುವಿನ ಪಾರದರ್ಶಕ ಬಿಲ್ಲೆಯನ್ನು ಬಿಡಿಸಿ, ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಹೊಂದಿಸಿದೆ.

ಅಂಕಿಯ ತಟ್ಟೆಗೆ ಕಿಟಕಿಯ ಸರಳಿಗೆ ಬಳಿದು ಉಳಿದಿದ್ದ ಕಪ್ಪು ಬಣ್ಣ ಹಚ್ಚಿ ಒಣಗಲು ಇಟ್ಟೆ. ಕಾಗದವೊಂದನ್ನು ತಟ್ಟೆಯ ಅಳತೆಗೆ ಕತ್ತರಿಸಿ, ಕೊಡೆ ಲಂಗಕ್ಕೆ ಬಟ್ಟೆ ಮಡಿಸುವ ಹಾಗೆ ಮಡಿಸಿದಾಗ ಗೆರೆಗಳೆಲ್ಲ ಸಮನಾಗಿ ಬಂದವು. ಎಲ್ಲೆಲ್ಲಿ ಅಂಕಿ ಬರಬೇಕೋ ಅಲ್ಲಲ್ಲಿ ಸೂಜಿಯಿಂದ ಚುಚ್ಚಿ ಗುರುತು ಮಾಡಿ, ಸೊನ್ನೆಯಿಂದ ನೂರಿಪ್ಪತ್ತರವರೆಗೆ ಇಪ್ಪತ್ತಿಪ್ಪತ್ತರ ಲೆಕ್ಕದಲ್ಲಿ ಬರೆಯಬೇಕೆಂದು ಅತ್ತೆಗೆ ವಿವರಿಸಿದೆ. ಗೆಜ್ಜೆವಸ್ತ್ರಕ್ಕೆ ಕುಂಕುಮ ಇಡುವ ಕಡ್ಡಿಯನ್ನೇ ಅವರು ತೆಗೆದುಕೊಂಡರು. ಹೊಸಿಲಿನ ಮೇಲೆ ಅಳಿಯದ ರಂಗೋಲಿ ಬರೆಯಲು ತಂದಿದ್ದ ಬಿಳಿ ಪೇಂಟಿತ್ತು. ಅವರನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಎದುರುಮನೆಯವರ ರವಿಕೆ ಕೊಟ್ಟು ಬರಲು ಹೋದೆ.

ಹಿಂತಿರುಗಿ ಬಂದು ನೋಡುತ್ತೇನೆ, ತಟ್ಟೆಯ ಮೇಲೆ ಸಾಲಾಗಿ ೦, ೨೦, ೪೦, ೬೦, ೮೦, ೧೦೦, ೧೨೦!

"ಅತ್ತೆ, ಇದೇನಿದು?"

"ಯಾಕೆ? ಇಪ್ಪತ್ತಿಪ್ಪತ್ತು ಅಂದ್ಯಲ್ಲ, ಸರಿಯಾಗೇ ಇದೆ."

"ಕನ್ನಡ ಅಂಕಿ ಬರೆದಿದೀರಲ್ಲ! ಸ್ಪೀಡೋಮೀಟರ್‌ನಲ್ಲಿ ಯಾರಾದ್ರೂ ಕನ್ನಡ ಅಂಕಿ ಬರೀತಾರಾ?"

"ಮತ್ತೆ ಯಾವ ಅಂಕಿ ಬರೀಲಿ? ನನ್ನ ಮಗ ಕನ್ನಡ ಓದ್ತಾನೆ, ನೀನು ಓದ್ತೀಯ, ನಾನು ಓದ್ತೀನಿ. ಬೈಕು ಏನಾದ್ರೂ ಓದುತ್ತಾ?"

ಪಂಚಾಂಗವನ್ನೇ ಓದಿದ ಕಣ್ಣು, ಪಂಚಾಂಗದ ಅಂಕಿಯನ್ನೇ ಬರೆದಿತ್ತು. ಒರೆಸಿ ಮತ್ತೆ ಬರೆಯಿರಿ ಎನ್ನಲು ಬಾಯಿ ತೆರೆದವಳು ತಟ್ಟೆಯನ್ನು ಬೆಳಕಿಗೆ ಹಿಡಿದು ಮನಸ್ಸು ಬದಲಿಸಿದೆ. ಎಷ್ಟು ಚೆಂದವಾಗಿದ್ದವೆಂದರೆ, ಒಂದೊಂದು ಗೆರೆಯೂ ಒಂದೇ ದಪ್ಪ, ಒಂದು ತೊಟ್ಟೂ ಆಚೀಚೆ ಚೆಲ್ಲಿರಲಿಲ್ಲ. ನಾಲ್ಕರ ಸುರುಳಿಯಂತೂ ಹಬ್ಬದ ಜಿಲೇಬಿಯ ಹಾಗೆ ಮೈದುಂಬಿಕೊಂಡಿತ್ತು. ಕೈ ನಡುಗುತ್ತದಂತೆ, ಕೈ! ನಾದಿನಿ ಅಲ್ಲಿದ್ದಿದ್ದರೆ ಆ ತಟ್ಟೆಯನ್ನು ಅವರ ಮೂಗಿನ ತುದಿಗೆ ಹಿಡಿಯುತ್ತಿದ್ದೆ.

ಎಲ್ಲ ಜೋಡಿಸಿದ ಮೇಲೆ ಪರೀಕ್ಷೆ. ಬೈಕಿಗೆ ಹಾಕುವ ಮುಂಚೆಯೇ ನೋಡಿಬಿಡಬೇಕೆಂಬ ಆತುರ ನನಗೆ. ಮೆಕ್ಯಾನಿಕ್ ಕೊಟ್ಟಿದ್ದ ಹಳೇ ಕೇಬಲ್ಲಿನ ತುಂಡೊಂದರ ಒಂದು ತುದಿಯನ್ನು ಮೀಟರಿಗೆ ಸಿಕ್ಕಿಸಿ, ಇನ್ನೊಂದನ್ನು ನನ್ನ ಮೆಷಿನ್ನಿನಲ್ಲಿ ಬಾಬಿನ್ನಿಗೆ ದಾರ ಸುತ್ತುವ ಚಕ್ರಕ್ಕೆ ಬಿಗಿದೆ. ಅತ್ತೆ ಮೀಟರನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ನಾನು ಪೆಡಲ್ ತುಳಿದೆ. ತೆಂಗಿನ ಕಡ್ಡಿಯ ಕೆಂಪು ಮುಳ್ಳು ಒಮ್ಮೆ ಅದುರಿ, ಮೆಲ್ಲಗೆ ಎದ್ದು ಇಪ್ಪತ್ತನ್ನು ದಾಟಿತು. ಜೋರಾಗಿ ತುಳಿದೆ, ನಲವತ್ತಕ್ಕೆ ಹೋಯಿತು.

"ಎದ್ದಿತು ಕಣೇ, ಎದ್ದಿತು! ತುಳಿ ತುಳಿ, ನಿಲ್ಲಿಸ್ಬೇಡ!" ಅತ್ತೆ ಕೂಗುತ್ತಿದ್ದರು. ನಮ್ಮ ಮನೆಯ ಮುಂದಿನ ಕೋಣೆ ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿತ್ತು. ಸದ್ದು ಕೇಳಿ ಓಡಿ ಬಂದ ನನ್ನ ಗಂಡ, ಹೆಂಡತಿಯೂ ತಾಯಿಯೂ ಒಂದೇ ಮೆಷಿನ್ನಿನ ಮುಂದೆ ಬೆವರು ಸುರಿಸಿಕೊಂಡು ನಗುತ್ತಿರುವುದನ್ನು ಕಂಡು, ಬಾಗಿಲಲ್ಲೇ ನಿಂತುಬಿಟ್ಟರು.

ಮೆಷಿನ್ನಿನ ನಲವತ್ತು ರಸ್ತೆಯ ನಲವತ್ತಲ್ಲವಲ್ಲ. ಮುಳ್ಳನ್ನು ಗುರುತಿಲ್ಲದೆ ಕಿತ್ತಿದ್ದರಿಂದ ಅಂದಾಜಿನ ಮೇಲೆ ಕೂರಿಸಿದ್ದೆ. ಅದು ನಿಜ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ ತಿಳಿಯಬೇಕಿತ್ತು. ಮುಂದಿನ ಭಾನುವಾರ ಬೆಳಗ್ಗೆ ಗಂಡನೂ ನಾನೂ ಬನಶಂಕರಿ ದಾಟಿ ಕನಕಪುರ ರಸ್ತೆಗೆ ಹೋದೆವು. ಆಗ ಆ ಕಡೆ ಬೆಳಗಿನ ಹೊತ್ತು ವಾಹನಗಳೇ ಕಡಿಮೆ. ಕಿಲೋಮೀಟರ್ ಕಲ್ಲು ಬಂದ ತಕ್ಷಣ ಅವರು ಮುಳ್ಳನ್ನು ನಲವತ್ತರಲ್ಲೇ ಅಲ್ಲಾಡದಂತೆ ಹಿಡಿದು ಓಡಿಸುವುದು, ಹಿಂದೆ ಕೂತ ನಾನು ಮುಂದಿನ ಕಲ್ಲಿನವರೆಗೆ ಕೈಗಡಿಯಾರ ನೋಡುವುದು. ನಲವತ್ತಾಗಿದ್ದರೆ ಒಂದೂವರೆ ನಿಮಿಷ ಹಿಡಿಯಬೇಕು. ಎರಡು ನಿಮಿಷ ಹಿಡಿಯಿತು. ಅಂದರೆ ನಾವು ಹೋಗುತ್ತಿದ್ದದ್ದು ಮೂವತ್ತರಲ್ಲಿ, ಮುಳ್ಳು ನಲವತ್ತು ಎಂದು ಬಡಾಯಿ ಕೊಚ್ಚುತ್ತಿತ್ತು. ಹುಣಿಸೆಮರದ ಕೆಳಗೆ ಬೈಕು ನಿಲ್ಲಿಸಿ, ಬಿಗಿಯದೆ ಬಿಟ್ಟಿದ್ದ ಬಳೆಯನ್ನು ತೆಗೆದು, ಚೀಲದಿಂದ ಸ್ಪೂನುಗಳನ್ನು ಹೊರತೆಗೆದೆ. ಅಲ್ಲೇ ಹುಲ್ಲು ಹೊತ್ತು ಹೋಗುತ್ತಿದ್ದ ಹೆಂಗಸರು, ಈಕೆ ಬೈಕಿಗೆ ತಿನ್ನಿಸಲು ಹೊರಟಿದ್ದಾಳೆ ಎಂದುಕೊಂಡಿರಬೇಕು, ನಿಂತು ನೋಡಿದರು. ಮುಳ್ಳನ್ನು ಎತ್ತಿ ಅಂದಾಜಿನ ಮೇಲೆ ಹಿಂದಕ್ಕೆ ಕೂರಿಸಿದೆ. ಮತ್ತೆ ಓಡಿಸಿದೆವು, ಈ ಸಲ ಹೆಚ್ಚು ಹಿಂದಾಗಿತ್ತು. ಮತ್ತೆ ಸ್ಪೂನು, ಮತ್ತೆ ಕಲ್ಲು. ಬಿಸಿಲು ಏರುವ ಹೊತ್ತಿಗೆ ಮುಳ್ಳು ನಲವತ್ತರಲ್ಲಿದ್ದಾಗ ಕಲ್ಲಿನಿಂದ ಕಲ್ಲಿಗೆ ಸರಿಯಾಗಿ ಒಂದೂವರೆ ನಿಮಿಷ. ನಡುರಸ್ತೆಯಲ್ಲಿ ಗಂಡನ ಬೆನ್ನಿಗೆ ರಪ್ಪೆಂದು ಹೊಡೆದು ಕೂಗಿದೆ. ಅವರು ಬೆಚ್ಚಿ ಬ್ರೇಕು ಹಾಕಿದರು.

ವಾಪಸು ಬರುವಾಗ ಬನಶಂಕರಿಯ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಆಟೋದವನು ಬಗ್ಗಿ ನೋಡಿದ. "ಸಾರ್, ಕನ್ನಡ ಮೀಟ್ರಾ? ಸಖತ್ತಾಗಿದೆ! ಎಲ್ ಹಾಕ್ಸಿದ್ರಿ?"

ಅಲ್ಲಿಯವರೆಗೆ ಆ ಅಂಕಿಗಳ ಬಗ್ಗೆ ನಾಚಿಕೊಂಡು ಮೀಟರಿನ ಮೇಲೆ ಕರವಸ್ತ್ರ ಹಾಕೋಣವೇ ಎಂದು ಕೇಳುತ್ತಿದ್ದ ನನ್ನ ಗಂಡ ಎದೆಯುಬ್ಬಿಸಿ, "ನಮ್ಮನೇಲೇ ಮಾಡಿದ್ದು" ಎಂದರು. ಹಸಿರು ದೀಪ ಬಂದ ಮೇಲೂ ಆಟೋದವನು ಪಕ್ಕದಲ್ಲೇ ಬರುತ್ತ ಮುಳ್ಳು ಏಳುವುದನ್ನು ನೋಡಿದ.

ಮನೆಗೆ ಬಂದು ಬಳೆಯ ಅಂಚನ್ನು ಇಕ್ಕಳದಿಂದ ಬಿಗಿದು ಮುಗಿಸಿದೆ. ಅತ್ತೆ ಸೀರೆಯ ನೆರಿಗೆ ಸರಿಮಾಡಿಕೊಂಡು ಗೇಟಿನ ಹತ್ತಿರ ಸಿದ್ಧವಾಗಿ ನಿಂತಿದ್ದರು. "ನಾನೂ ನೋಡ್ಬೇಕು. ನಡೆಯೋ, ಒಂದು ಸುತ್ತು ಹೋಗ್ಬರೋಣ" ಎಂದು ಮಗನ ಹಿಂದೆ ಕೂತರು. ಎರಡು ವಾರಗಳಿಂದ ಆ ಬೈಕಿನ ಪಕ್ಕದಲ್ಲಿ ಹಾದುಹೋಗಲೂ ಅಂಜಿದವರು. ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಅವತ್ತು ಗೇಟಿನ ಹತ್ತಿರ ಕಾದು ನಿಂತವಳು ನಾನು. ಕೊನೆಗೂ ಬಂದಾಗ ಗಂಡನ ಮುಖ ಬಾಡಿತ್ತು. ದಾರಿಯುದ್ದಕ್ಕೂ ಅತ್ತೆ ಅವರ ಭುಜದ ಮೇಲಿಂದ ಬಗ್ಗಿ ಅಂಕಿ ಓದುತ್ತ, "ಮೂವತ್ತಾಯ್ತು, ನಿಧಾನ. ನಲವತ್ತರ ಹತ್ತಿರ ಹೋಗ್ತಿದೆ ನೋಡು, ಯಾರ ಮನೆ ಮುಳುಗಿದೆ ಅಂತ ಈ ಅವಸರ?" ಎಂದು ಬೈದಿದ್ದರಂತೆ. ಬೈಕಿನಿಂದ ಇಳಿದವರೇ ನನ್ನ ಕಡೆ ತಿರುಗಿ, ಬೆಳಗಿನ ಡಿಕಾಕ್ಷನ್ ನೀರಾಗಿತ್ತು ಎಂದರು.

ದೀಪಾವಳಿಗೆ ನಾದಿನಿ ಬಂದರು. ನಾನು ಏನೇನು ಹೇಳಬೇಕು ಎಂದು ಮೊದಲೇ ಮನಸ್ಸಿನಲ್ಲಿ ಹೊಂದಿಸಿಟ್ಟುಕೊಂಡಿದ್ದೆ. ಬಳೆ, ಸ್ಪೂನು, ಅಯಸ್ಕಾಂತ, ಕನಕಪುರ ರಸ್ತೆ, ಎಲ್ಲವನ್ನೂ ವಿವರವಾಗಿ ಹೇಳಿ ಅವರ ಬಾಯಿ ಮುಚ್ಚಿಸಬೇಕೆಂದಿದ್ದೆ. ಅವರು ಗೇಟು ತೆಗೆದು ಒಳಗೆ ಕಾಲಿಡುತ್ತಲೇ ಬೈಕಿನ ಹತ್ತಿರ ನಿಂತರು. ಬಗ್ಗಿ ನೋಡಿದರು.

"ಇದೇನಮ್ಮ ಇದು? ಈ ನಾಲ್ಕು ನಿನ್ನ ನಾಲ್ಕಿನ ಹಾಗೇ ಇದೆಯಲ್ಲ! ಮುಳ್ಳೂ ಹೊಸದು. ಯಾರು ರಿಪೇರಿ ಮಾಡಿದ್ದು?"

ನಾನು ಬಾಯಿ ತೆರೆದೆ.

"ನಾನು" ಎಂದರು ಅತ್ತೆ.

"ನೀನಾ?"

"ಹೂಂ, ನಾನೇ. ಮುಳ್ಳು ಮಾಡಿದ್ದು, ಗಾಜು ಹುಡುಕಿದ್ದು, ಬರೆದದ್ದು, ಎಲ್ಲಾ. ಓಡಿಸಿ ನೋಡಿದ್ದೂ ನಾನೇ. ಇವಳು ಪಕ್ಕದಲ್ಲಿ ಸ್ಪೂನು ಹಿಡ್ಕೊಂಡಿದ್ಲು."

ಸ್ಪೂನು! ನನ್ನ ರಕ್ತ ನೆತ್ತಿಗೇರಿತು. ನನ್ನ ಗಂಡ, ಕುಕ್ಕರ್ ಸೀಟಿ ಹಾಕುವ ಮುಂಚೆ ನೋಡುವ ಹಾಗೆ ನನ್ನನ್ನೇ ನೋಡುತ್ತಿದ್ದರು. ಆದರೆ ನನ್ನ ಕಣ್ಣು ನಾದಿನಿಯ ಮೇಲೆ ಹೋಯಿತು. ಅವರು ಮೀಟರನ್ನು ಬಿಟ್ಟು ಅಮ್ಮನ ಕೈಗಳನ್ನು ನೋಡುತ್ತಿದ್ದರು. ನೋಡಿ ನೋಡಿ, ತಮ್ಮ ಮಾತು ತಮಗೇ ನೆನಪಾಯಿತೋ ಏನೋ, ಮುಖ ಕೆಂಪಾಯಿತು. ಅತ್ತೆ ಬಾಗಿಲ ಮೆಟ್ಟಿಲ ಮೇಲೆ ಗಲ್ಲ ಎತ್ತಿ ಕುಳಿತಿದ್ದರು. ನಾನು ಮದುವೆಯಾಗಿ ಬಂದ ದಿನ ಹೊಸಿಲಿನ ಆಚೆ ನಿಂತು ನನ್ನನ್ನು ಅಳೆದು ನೋಡಿದ್ದರಲ್ಲ, ಅದೇ ಗತ್ತು. ಅದನ್ನು ಮತ್ತೆ ಕಂಡು ನನಗೆ ಎಷ್ಟು ಸಂತೋಷವಾಯಿತೆಂದರೆ, ಹೊಂದಿಸಿಟ್ಟ ಮಾತೆಲ್ಲ ಮರೆತೇಹೋಯಿತು.

"ಹೌದು ಅಕ್ಕ, ನಾನು ಸ್ಪೂನು ಹಿಡ್ಕೊಂಡಿದ್ದೆ" ಎಂದೆ.

ಅತ್ತೆ ನನ್ನ ಕಡೆ ನೋಡದೆ, "ಆರತಿ ತಟ್ಟೆ ಎಲ್ಲಿಟ್ಟಿದೀಯೇ? ತಾ ಇಲ್ಲಿ. ಹುಣಿಸೆಹಣ್ಣು ಹಾಕಿ ತಿಕ್ಕಬೇಕು, ನೀನು ತಿಕ್ಕಿದ್ರೆ ಅರ್ಧಂಬರ್ಧ" ಎಂದರು. ತಂದುಕೊಟ್ಟೆ. ಮೆಷಿನ್ನಿನಿಂದ ಜಾರಿ ಅದರೊಳಗೆ ಬಿದ್ದಿದ್ದ ನನ್ನ ರವಿಕೆ ಹುಕ್ಕುಗಳನ್ನು ನನ್ನ ಅಂಗೈಗೆ ಸುರಿದು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡರು. ನಾದಿನಿ ಸ್ವಲ್ಪ ಹೊತ್ತು ಅಲ್ಲೇ ಸುಳಿದಾಡಿ, ಅಮ್ಮನ ಪಕ್ಕದಲ್ಲಿ ಕೂತು, ದನಿ ತಗ್ಗಿಸಿ ಕೇಳಿದರು.

"ಅಮ್ಮಾ, ನಮ್ಮ ಸ್ಕೂಟರ್ ಮೀಟರೂ ಕೆಟ್ಟು ಕೂತಿದೆ. ಮುಳ್ಳು ಏಳೋದೇ ಇಲ್ಲ. ಒಂಚೂರು ನೋಡ್ತೀಯೇನಮ್ಮ?"

"ಹಬ್ಬ ಕಳೀಲಿ. ತಂದು ಬಿಟ್ಟು ಹೋಗು, ಬಿಡುವಾದಾಗ ನೋಡ್ತೀನಿ."

ಸ್ಪೂನು ಹಿಡಿಯುವವಳು ಒಳಗೆ ಹೋಗಿ, ಅಡುಗೆಮನೆಯ ಬಾಗಿಲು ಹಾಕಿಕೊಂಡು, ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಬಾಯಿ ಮುಚ್ಚಿಕೊಂಡು ನಾನು ಗೆದ್ದದ್ದು ಅದೊಂದೇ ಸಲ.